ಪ್ರಯೋಗದ ಖರ್ಚು ಯಾರ ಜೇಬಿಂದ?

ಐಟಿಐ ಓದಿದ ಎಲೆಕ್ಟ್ರಿಷಿಯನ್ ಸ್ಟೆಮ್ ಸೆಲ್ ಬಗ್ಗೆ ಏನು ಮಾತಾಡ್ತಾನೆ ಅಂತ ನಿಮಗೆ ಅನ್ನಿಸಬಹುದು. ನಮ್ಮ ರೂಮಿನಲ್ಲಿ ನಡೆದ ಒಂದು ಸಂಗತಿಯಿಂದ ಇದು ನನ್ನ ತಲೆಗೆ ಹೊಕ್ಕಿತು.

ಜೊತೆಗಿರುವ ಗೆಳೆಯನ ತಂದೆ ಅಡಿಕೆ ಮರದಿಂದ ಬಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಊರ ಕಡೆಯ ಒಂದು ಕ್ಲಿನಿಕ್‌ನವರು, ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಎದ್ದು ನಡೀತಾರೆ, ನಾಲ್ಕು ಲಕ್ಷ ಆಗುತ್ತೆ ಅಂದರು. ರೂಮಿನವರೆಲ್ಲ ಸೇರಿ, ಚೀಟಿ ಎತ್ತಿ ದುಡ್ಡು ಹೊಂದಿಸಿದೆವು. ಕಳಿಸೋ ಮುಂಚೆ ನಾನೇ ಫೋನ್ ಮಾಡಿ ಕೇಳಿದೆ: "ಇದು ಪರೀಕ್ಷೆ ಮುಗಿದ ಚಿಕಿತ್ಸೆನಾ ಸಾರ್, ಇನ್ನೂ ಪ್ರಯೋಗನಾ?" ಆ ಕಡೆಯಿಂದ ಬಂದ ಉತ್ತರ, "ನಂಬಿಕೆ ಇರಬೇಕ್ರೀ." ಮೆಗ್ಗರ್ ಹಾಕಿ ನೋಡದೆ ಲೈನ್ ಚಾರ್ಜ್ ಮಾಡು, ನಂಬಿಕೆ ಇರಲಿ ಅಂತ ಫೋರ್‌ಮನ್ ಹೇಳಿದರೆ ನಾವು ಸ್ವಿಚ್ ಒತ್ತುತ್ತೀವಾ?

ಆಮೇಲೆ ಓದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಸ್ಟೆಮ್ ಸೆಲ್ ಚಿಕಿತ್ಸೆಗೆ ಒಪ್ಪಿಗೆ ಇರೋದು ಮುಖ್ಯವಾಗಿ ರಕ್ತದ ಕೆಲವು ಕಾಯಿಲೆಗಳಿಗೆ, ಅಂದರೆ ಮೂಳೆಮಜ್ಜೆ ಕಸಿಯಂಥದ್ದಕ್ಕೆ. ಬೆನ್ನುಹುರಿಯದು ಇನ್ನೂ ಪ್ರಯೋಗ. ಪ್ರಯೋಗಕ್ಕೆ ಸೇರಿದ ರೋಗಿಯ ಹತ್ತಿರ ಅದಕ್ಕೆ ದುಡ್ಡು ತಗೊಳ್ಳುವಂತಿಲ್ಲ.

ಹಾಗಾದರೆ ಯಾರು ಕೊಡಬೇಕು? ಈ ಜಗಳ ಅಮೆರಿಕದಲ್ಲಿ ಜೋರಾಗಿ ನಡೆದಿದೆ. 1998ರಲ್ಲಿ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಮನುಷ್ಯ ಭ್ರೂಣದಿಂದ ಸ್ಟೆಮ್ ಸೆಲ್ ತೆಗೆದು ಬೆಳೆಸಿದಾಗ, ಭ್ರೂಣ ನಾಶವಾಗುವ ಕೆಲಸಕ್ಕೆ ಕೇಂದ್ರ ಸರ್ಕಾರದ ಹಣ ಮುಟ್ಟುವಂತಿರಲಿಲ್ಲ. ಖಾಸಗಿ ಕಂಪನಿ ಕೊಟ್ಟಿತು. 2001ರ ಆಗಸ್ಟ್ 9ರಂದು ಬುಷ್, ಆವತ್ತಿಗೆ ಇದ್ದ ಕೋಶ ಸಾಲುಗಳಿಗೆ ಮಾತ್ರ ಸರ್ಕಾರದ ಹಣ ಅಂದರು. ಭ್ರೂಣವೂ ಜೀವ ಅಂತ ನಂಬಿದವನ ತೆರಿಗೆ ಅದಕ್ಕೆ ಹೋಗಬಾರದು ಅನ್ನೋದು ವಾದ. ಅದನ್ನು ನಾನು ಗೇಲಿ ಮಾಡಲ್ಲ. ಆದರೆ ಪರಿಣಾಮ ನೋಡಿ: ಹೊಸ ಸಾಲುಗಳ ಮೇಲೆ ಕೆಲಸ ಮಾಡುವವರು ಸರ್ಕಾರಿ ದುಡ್ಡಿನ ಮೈಕ್ರೋಸ್ಕೋಪ್ ಮುಟ್ಟುವಂತಿಲ್ಲ, ಬೇರೆ ದುಡ್ಡಲ್ಲಿ ಬೇರೆ ಲ್ಯಾಬೇ ಮಾಡಿಕೊಳ್ಳಬೇಕು. ಒಂದೇ ಮನೆಗೆ ಎರಡು ಮೀಟರ್ ಇಟ್ಟ ಹಾಗೆ. ಹಾರ್ವರ್ಡ್‌ನ ಡಗ್ಲಾಸ್ ಮೆಲ್ಟನ್, ಇಬ್ಬರು ಮಕ್ಕಳಿಗೂ ಟೈಪ್ 1 ಸಕ್ಕರೆ ಕಾಯಿಲೆ ಇದ್ದ ತಂದೆ, ಖಾಸಗಿ ಹಣದಲ್ಲೇ ಹೊಸ ಸಾಲು ಬೆಳೆಸಿ ಬೇರೆಯವರಿಗೂ ಹಂಚಿದರು. 2004ರಲ್ಲಿ ಕ್ಯಾಲಿಫೋರ್ನಿಯಾ ಜನ ವೋಟು ಹಾಕಿ 300 ಕೋಟಿ ಡಾಲರ್ ಸಾಲ ಎತ್ತಲು ಒಪ್ಪಿದರು. 2009ರಲ್ಲಿ ಒಬಾಮಾ ಆ ನಿರ್ಬಂಧ ತೆಗೆದರು. ಅಷ್ಟರಲ್ಲಿ ಜಪಾನಿನ ಯಾಮನಾಕಾ ಭ್ರೂಣ ಬೇಡ, ಚರ್ಮದ ಕೋಶ ಸಾಕು ಅಂತ ತೋರಿಸಿದ್ದರು. ಭ್ರೂಣದ ಜಗಳ ತಣ್ಣಗಾಯಿತು, ದುಡ್ಡಿನದು ಆಗಲಿಲ್ಲ.

ನಾನು ಸರ್ಕಾರದ ಹಣದ ಕಡೆಯವನು. ಬೆಂಗಳೂರಲ್ಲಿ ಜಿಕೆವಿಕೆ ಪಕ್ಕ ಕೇಂದ್ರ ಸರ್ಕಾರದ ಸ್ಟೆಮ್ ಸೆಲ್ ಸಂಸ್ಥೆ, ಇನ್‌ಸ್ಟೆಮ್ ಇದೆ. ಅಂಥ ಕಡೆ ಪ್ರಯೋಗ ಕೈಕೊಟ್ಟರೆ ನಷ್ಟ ದೇಶದವರಿಗೆಲ್ಲ ಹಂಚಿ ಹೋಗುತ್ತೆ. ಆ ಕ್ಲಿನಿಕ್‌ನಲ್ಲಿ ಕೈಕೊಟ್ಟರೆ ಮರದಿಂದ ಬಿದ್ದವರೇ ಅದನ್ನೂ ಹೊರಬೇಕು. ಪ್ರಯೋಗದ ಇಲಿಯೂ ಅವರೇ, ದುಡ್ಡು ಕೊಟ್ಟ ಸಾಹುಕಾರರೂ ಅವರೇ.

ನಾವು ಕಳಿಸಲಿಲ್ಲ. ಆ ಹಣ ವೀಲ್‌ಚೇರ್‌ಗೆ, ಫಿಸಿಯೋಥೆರಪಿಗೆ, ಬಚ್ಚಲಿಗೆ ಇಳಿಜಾರು ಮಾಡಿಸೋಕೆ ಹೋಯಿತು. ಅಪ್ಪ ಇನ್ನೂ ನಡೆಯುತ್ತಿಲ್ಲ. ಕೆಲವು ರಾತ್ರಿ ಲೈಟ್ ಆರಿಸಿದ ಮೇಲೆ ಗೆಳೆಯ ಮೇಲಿನ ಮಂಚದಿಂದ ಕೇಳ್ತಾನೆ, "ಒಂದ್ಸಲ ನೋಡಬೇಕಿತ್ತೇನೋ ಅಲ್ವಾ?" ನಾನು ನಿದ್ದೆ ಬಂದವನ ಹಾಗೆ ಸುಮ್ಮನಿರ್ತೀನಿ.