ಹಾಡು ಒಂದು ದಿನದ್ದು, ಲೆಕ್ಕ ಜೀವಮಾನದ್ದು

(ಬಡಾವಣೆಯ ಯುವ ಗಾಯಕರ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಹಾಡುಗಾರನಲ್ಲ, ಭಾಷಣಕಾರನಂತೂ ಅಲ್ಲವೇ ಅಲ್ಲ. ಓದಿದ್ದು ಪಿ.ಯು.ಸಿ.ವರೆಗೆ. ಆಮೇಲೆ ಅಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತ, ಕೈಗೆ ಮಸಿ ಬಳಿದುಕೊಂಡು ಬೆಳೆದವನು. ಮದುವೆ ಕರೆಯೋಲೆ, ಬಿಲ್ ಬುಕ್ಕು, ರಾಜ್ಯೋತ್ಸವದ ಕರಪತ್ರ, ಚಂದಾ ರಸೀದಿ, ಇವೇ ನನ್ನ ಸಾಹಿತ್ಯ! ಆದರೂ ನೀವು ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದ್ದೀರಿ. ನೀವೆಲ್ಲ ಸೇರಿ ಒಂದು ಹಾಡಿನ ಆಲ್ಬಮ್ ಮಾಡಿ, ಬಂದ ಹಣವನ್ನು ನೊಂದವರಿಗೆ ಕೊಡಬೇಕೆಂದಿದ್ದೀರಿ. ಅದರ ಹೊದಿಕೆ, ಕೂಪನ್ನು ಅಚ್ಚು ಹಾಕುವವನು ನಾನು. ಅಚ್ಚಿಗೆ ಹಾಕುವ ಮೊದಲು ನನ್ನ ಎರಡು ಮಾತು ಕೇಳಿ.

ಸೋಮವಾರ ಹಾಡು, ಶನಿವಾರ ಅಂಗಡಿ

ಬೋಸ್ನಿಯಾ ಎಂಬ ದೇಶದ ಹೆಸರು ಕೇಳಿದ್ದೀರಿ. 1992ರಿಂದ 1995ರವರೆಗೆ ಅಲ್ಲಿ ಯುದ್ಧ. ಸರಾಯೆವೊ ಪಟ್ಟಣವನ್ನು ಸುತ್ತ ಬೆಟ್ಟಗಳಿಂದ ಮುತ್ತಿಗೆ ಹಾಕಿ ಗುಂಡು ಸುರಿಸಿದರು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ ಸಾವಿರಾರು ಗಂಡಸರನ್ನೂ ಹುಡುಗರನ್ನೂ ಕೊಂದರು. ಆ ಯುದ್ಧದ ಮಕ್ಕಳಿಗಾಗಿ ಲಂಡನ್ನಿನಲ್ಲಿ 1993ರಲ್ಲಿ 'ವಾರ್ ಚೈಲ್ಡ್' ಎಂಬ ಸಂಸ್ಥೆ ಹುಟ್ಟಿತ್ತು. ಊರೂರಿಗೆ ಹೋಗುವ ಬೇಕರಿ ಕಟ್ಟಿಕೊಂಡು ಅಲ್ಲಿಯ ಜನಕ್ಕೆ ಬ್ರೆಡ್ಡು ಸುಟ್ಟು ಕೊಡುತ್ತಿದ್ದವರು ಅವರು.

ಇವರಿಗಾಗಿ ಇಂಗ್ಲೆಂಡಿನ ಹಾಡುಗಾರರು ಒಂದಾದರು. ಆಲ್ಬಮ್ಮಿನ ಹೆಸರು 'ಹೆಲ್ಪ್'. 1995ರ ಸೆಪ್ಟೆಂಬರ್ 4, ಸೋಮವಾರ ರೆಕಾರ್ಡಿಂಗ್. ಸೆಪ್ಟೆಂಬರ್ 9, ಶನಿವಾರ ಅಂಗಡಿಯಲ್ಲಿ ಮಾರಾಟ. 20 ಹಾಡು! ಹಾಡುಗಳನ್ನು ಹದಗೊಳಿಸುವುದು, ಡಿಸ್ಕ್ ಒತ್ತುವುದು, ಹೊದಿಕೆ ಅಚ್ಚು ಹಾಕುವುದು, ಊರೂರಿಗೆ ಸಾಗಿಸುವುದು, ಇಷ್ಟಕ್ಕೂ ನಡುವೆ ಉಳಿದದ್ದು ನಾಲ್ಕೇ ದಿನ. ನಮ್ಮ ಪ್ರೆಸ್ಸಿನಲ್ಲಿ ಸಾವಿರ ಕರಪತ್ರಕ್ಕೇ 'ನಾಳೆ ಬನ್ನಿ' ಎಂದು ಮೂರು ಸಲ ಹೇಳುತ್ತೇವೆ. ಹಾಡುಗಾರರಿಗೆ ನೀವು ಚಪ್ಪಾಳೆ ತಟ್ಟಿ. ರಾತ್ರಿಯಿಡೀ ಮಷಿನ್ ಮುಂದೆ ನಿಂತವರಿಗೆ ನಾನು ಕೈ ಮುಗಿಯುತ್ತೇನೆ.

ಈ ಆತುರಕ್ಕೆ ಸ್ಫೂರ್ತಿ ಜಾನ್ ಲೆನನ್. ಅವನು 1970ರ ಜನವರಿ 27ರಂದು ಒಂದು ಹಾಡು ಬರೆದು, ಅಂದೇ ರೆಕಾರ್ಡ್ ಮಾಡಿ, ಹತ್ತೇ ದಿನದಲ್ಲಿ ಅಂಗಡಿಗೆ ತಲುಪಿಸಿದ್ದ. ಹಾಡು ಸುದ್ದಿಪತ್ರಿಕೆಯಷ್ಟು ಬೇಗ ಹೊರಬರಬೇಕು ಎಂಬುದು ಅವನ ಹಟ.

ಇನ್ನೊಂದು ಸಂಗತಿ ಗಮನಿಸಿ. ಬ್ಲರ್ ಮತ್ತು ಓಯಸಿಸ್ ಆಗಿನ ಕಾಲದ ಬದ್ಧ ವೈರಿ ತಂಡಗಳು. ಅದೇ ವರ್ಷ ಆಗಸ್ಟ್ 14ರಂದು ಬೇಕೆಂದೇ ಒಂದೇ ದಿನ ಎರಡೂ ತಂಡಗಳ ಹಾಡು ಹೊರಬಂದವು. ಯಾರು ಗೆದ್ದರು, ಯಾರು ಸೋತರು ಎಂದು ದೇಶವೇ ಬಾಜಿ ಕಟ್ಟಿತು. ಮೂರು ವಾರ ಕಳೆಯಿತು ನೋಡಿ, ಇಬ್ಬರ ಹಾಡೂ ಒಂದೇ ಆಲ್ಬಮ್ಮಿನಲ್ಲಿ! ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ತನಗಿಂತ ಎಷ್ಟೋ ಚಿಕ್ಕವರಾದ ಪಾಲ್ ವೆಲ್ಲರ್, ನೋಯಲ್ ಗ್ಯಾಲಘರ್ ಜೊತೆ ಕೂತು ತನ್ನ ತಂಡದ ಹಳೆಯ ಹಾಡನ್ನೇ ಮತ್ತೆ ನುಡಿಸಿದ. ನಮ್ಮಲ್ಲಿ ಆರ್ಕೆಸ್ಟ್ರಾದವನಿಗೂ ರ್‍ಯಾಪ್ ಹುಡುಗನಿಗೂ ಮಾತಿಲ್ಲ. ಜಾನಪದದವರಿಗೆ ಬ್ಯಾಂಡಿನವರನ್ನು ಕಂಡರೆ ಆಗುವುದಿಲ್ಲ. ನಿಮ್ಮ ಜಗಳ ಜಗಳವಾಗಿಯೇ ಇರಲಿ, ಒಂದು ದಿನದ ಮಟ್ಟಿಗೆ ಬಾಗಿಲ ಹೊರಗಿಟ್ಟು ಬನ್ನಿ.

ಆ ಆಲ್ಬಮ್ಮಿನಿಂದ 12.5 ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿತು. ಮರುವರ್ಷ ಮರ್ಕ್ಯುರಿ ಪ್ರಶಸ್ತಿ ಗೆದ್ದ ಪಲ್ಪ್ ತಂಡ ಬಹುಮಾನದ ಹಣವನ್ನೂ ವಾರ್ ಚೈಲ್ಡ್‌ಗೇ ಕೊಟ್ಟಿತು.

ಒಳ್ಳೆಯ ಮನಸ್ಸು ಸಾಲದು

ಈಗ ಕಹಿ ಮಾತು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಪಂಡಿತ್ ರವಿಶಂಕರ್, ಜಾರ್ಜ್ ಹ್ಯಾರಿಸನ್ ಸೇರಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಛೇರಿ ನಡೆಸಿದರು. ತಾಯ್ನುಡಿಗಾಗಿ 1952ರ ಫೆಬ್ರುವರಿ 21ರಂದು ಢಾಕಾದ ಬೀದಿಯಲ್ಲಿ ಪ್ರಾಣ ಕೊಟ್ಟವರ ನಾಡು ಅದು. ನುಡಿಯ ನೋವು ಬಲ್ಲ ನಮಗೆ ಆ ನಾಡು ದೂರದ್ದಲ್ಲ. ರವಿಶಂಕರ್ ಸ್ವತಃ ಬಂಗಾಳಿ. ತನ್ನ ಜನರ ಗೋಳು ಕಂಡು ಗೆಳೆಯನ ಬಾಗಿಲು ತಟ್ಟಿದರು.

ಟಿಕೆಟ್ಟಿನ ಹಣ 2,43,418 ಡಾಲರ್ 50 ಸೆಂಟ್ ಯುನಿಸೆಫ್‌ಗೆ ಸಲ್ಲಿತು. ಆದರೆ ಆಲ್ಬಮ್? ರೆಕಾರ್ಡ್ ಕಂಪನಿಗಳು ತಿಂಗಳುಗಟ್ಟಲೆ ಕಿತ್ತಾಡಿದವು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಆಲ್ಬಮ್ ಹೊರಬಂದದ್ದು ಅದಾದ ಮೇಲೆ! ಅಷ್ಟಕ್ಕೇ ಮುಗಿಯಲಿಲ್ಲ. ಯುನಿಸೆಫ್ ಜೊತೆ ಮೊದಲೇ ಸರಿಯಾದ ಏರ್ಪಾಡು ಮಾಡಿಕೊಂಡಿರಲಿಲ್ಲ ಎಂದು ಅಮೆರಿಕದ ತೆರಿಗೆ ಇಲಾಖೆ ವಿನಾಯಿತಿ ಕೊಡಲಿಲ್ಲ. ಆಲ್ಬಮ್ಮಿನ ಲಕ್ಷಾಂತರ ಡಾಲರ್ ಸುಮಾರು ಹತ್ತು ವರ್ಷ ಅಲ್ಲೇ ಕೊಳೆಯಿತು. ಯಾರೂ ಕದಿಯಲಿಲ್ಲ. ಕಾಗದ ಪತ್ರ ಸರಿಯಿರಲಿಲ್ಲ, ಅಷ್ಟೆ. ಹಸಿದ ಮಗು ಹತ್ತು ವರ್ಷ ಕಾಯುತ್ತದೆಯೆ?

ವಾರ್ ಚೈಲ್ಡ್ ಕತೆಯಲ್ಲೂ ಕಪ್ಪು ಚುಕ್ಕೆ ಇದೆ. ಬೋಸ್ನಿಯಾದ ಮೋಸ್ತಾರ್‌ನಲ್ಲಿ 1997ರಲ್ಲಿ ಅವರು ಸಂಗೀತ ಕೇಂದ್ರ ಕಟ್ಟಿದರು. ಅದರ ಗುತ್ತಿಗೆದಾರರಿಂದ ಸಂಸ್ಥೆಯ ಒಳಗಿನವರೇ ಹಣ ಪಡೆದ ವಿಷಯ 2001ರಲ್ಲಿ ಪತ್ರಿಕೆಯಲ್ಲಿ ಬಯಲಾಯಿತು. ಬೆಂಬಲಕ್ಕಿದ್ದ ದೊಡ್ಡ ದೊಡ್ಡ ಕಲಾವಿದರು ಸಂಸ್ಥೆಯಿಂದ ದೂರವಾದರು. ಅದು 'ಹೆಲ್ಪ್' ಆಲ್ಬಮ್ಮಿನ ವಿಷಯವಲ್ಲ. ಆದರೆ ಹೆಸರು ಒಂದೇ ತಾನೆ? ಸಂಸ್ಥೆ ಮತ್ತೆ ನೇರವಾಗಿ ನಿಂತದ್ದು, 2002ರಲ್ಲೂ 2005ರಲ್ಲೂ ಹೊಸ ಆಲ್ಬಮ್ ತಂದದ್ದು ಅದರ ದೊಡ್ಡತನ.

ನನ್ನ ಕೈಯ ಮಸಿ

ಇಂಗ್ಲೆಂಡು, ಅಮೆರಿಕದವರ ತಪ್ಪು ಹೇಳಿದೆ. ನನ್ನದನ್ನೂ ಹೇಳಿಬಿಡುತ್ತೇನೆ. 2009ರಲ್ಲಿ ಉತ್ತರ ಕರ್ನಾಟಕ ಪ್ರವಾಹದಲ್ಲಿ ಮುಳುಗಿದ್ದು ನೆನಪಿದೆಯಲ್ಲ? ಆಗ ನಮ್ಮ ಕಡೆಯ ಹುಡುಗರು ಪುಕ್ಕಟೆ ಹಾಡಿ ಒಂದು ಸಿ.ಡಿ. ಮಾಡಿದರು. ಮಾರಾಟದ ಹೊಣೆ ಒಂದು ಸಂಘದ್ದು. ನೂರು ಕೂಪನ್ನಿನ ಹತ್ತು ಪುಸ್ತಕ, 1ರಿಂದ 1000ದವರೆಗೆ ನಂಬರ್ ಹೊಡೆದು ಕೊಟ್ಟೆ. ವಾರ ಕಳೆದು ಸಂಘದವರೊಬ್ಬರು ಬಂದರು. "ಪುಸ್ತಕ ಕಳೆದುಹೋಗಿವೆ ಸಾರ್, ಅದೇ ನಂಬರಿನದು ಇನ್ನೊಂದು ಸೆಟ್ ಹಾಕಿಕೊಡಿ" ಎಂದರು. ನಂಬರಿಂಗ್ ಮಷಿನ್ನನ್ನು ಮತ್ತೆ ಒಂದಕ್ಕೆ ತಿರುಗಿಸಿದೆ. ಕೇಳಬೇಕಿತ್ತು, ಕೇಳಲಿಲ್ಲ. ಕೆಲಸ ಬಂತು, ಮಾಡಿದೆ.

ತಿಂಗಳಾದ ಮೇಲೆ ಹಾಡಿದ ಹುಡುಗನೊಬ್ಬ ಎರಡು ಕೂಪನ್ನು ತಂದು ನನ್ನ ಮೇಜಿನ ಮೇಲಿಟ್ಟ. ಎರಡಕ್ಕೂ 417. "ಅಣ್ಣ, ಇದು ನಿಮ್ಮ ಪ್ರೆಸ್ಸಿನದೇ ಅಲ್ವಾ?" ಎಂದ. ನನಗೆ ಬಾಯಿ ಬರಲಿಲ್ಲ. ಒಂದು ಸೆಟ್ಟಿನ ಹಣ ಲೆಕ್ಕಕ್ಕೆ ಬಂದಿತ್ತು, ಇನ್ನೊಂದರದು ಬರಲೇ ಇಲ್ಲ. ಜನ ಬೈದದ್ದು ಸಂಘವನ್ನಲ್ಲ, ಹಾಡಿದ ಹುಡುಗರನ್ನು. ಆ ಹುಡುಗ ಆಮೇಲೆ ಯಾವ ಸಹಾಯಾರ್ಥ ಕಾರ್ಯಕ್ರಮದಲ್ಲೂ ಹಾಡಲಿಲ್ಲ. ಆ ಎರಡು ಕೂಪನ್ನು ಇಂದಿಗೂ ನನ್ನ ಗಲ್ಲಾಪೆಟ್ಟಿಗೆಯಲ್ಲಿವೆ.

ಅದಕ್ಕೇ ಗೆಳೆಯರೆ, ಕೈ ಮುಗಿದು ಕೇಳುತ್ತೇನೆ:

ಹಣ ಯಾರಿಗೆ ಎಂಬುದನ್ನು ಹಾಡುವ ಮೊದಲೇ ಗೊತ್ತುಮಾಡಿ, ಅವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಸಂಸ್ಥೆ ನೋಂದಣಿಯಾಗಿದೆಯೆ, ದಾನಕ್ಕೆ ತೆರಿಗೆ ರಿಯಾಯಿತಿ ಇದೆಯೆ ನೋಡಿ.

ಕ್ಯೂ.ಆರ್. ಕೋಡ್ ಆ ಸಂಸ್ಥೆಯ ಖಾತೆಯದ್ದೇ ಇರಲಿ. ನಿಮ್ಮ ಪೈಕಿ ಯಾರ ಮೊಬೈಲಿನದ್ದೂ ಬೇಡ, ಅವನು ಎಷ್ಟೇ ಒಳ್ಳೆಯವನಾಗಿರಲಿ.

ಹಾಡು ಬರೆದವರು, ರಾಗ ಹಾಕಿದವರು, ಹಕ್ಕುಳ್ಳ ಕಂಪನಿಯವರು ಎಲ್ಲರ ಸಹಿ ಕಾಗದದ ಮೇಲೆ ಬೇಕು. 'ಬಾಯಿಮಾತಲ್ಲಿ ಹೇಳಿದ್ದಾನೆ ಬಿಡಿ' ಎಂಬುದು ನಡೆಯುವುದಿಲ್ಲ.

ಇಂದು ಹಾಡು ಮೊಬೈಲಿನಲ್ಲಿ ಬಿಟ್ಟಿ ಸಿಗುತ್ತದೆ. ಕೇಳಿದ್ದಕ್ಕೆ ಬರುವ ಕಾಸನ್ನು ನಂಬಿ ಕೂರಬೇಡಿ. ಕೂಪನ್ನು ಮಾರಿ, ಕಛೇರಿ ನಡೆಸಿ, ಮನೆಮನೆಗೆ ಹೋಗಿ.

ಕೊನೆಗೆ, ಬಂದದ್ದೆಷ್ಟು, ಖರ್ಚೆಷ್ಟು, ಕೊಟ್ಟದ್ದೆಷ್ಟು ಎಂದು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿ. ಕೂಡಿದ್ದು ಹತ್ತೇ ಸಾವಿರವಾದರೂ ನಾಚಿಕೆ ಬೇಡ. ನಾಚಬೇಕಾದವನು ಲೆಕ್ಕ ಕೊಡದವನು!

ನಿಮ್ಮ ಹೊದಿಕೆ, ಕೂಪನ್ನು, ಲೆಕ್ಕದ ಪತ್ರ ಮೂರನ್ನೂ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಕಾಗದವೂ ನನ್ನದೇ. ಒಂದೇ ಷರತ್ತು. ಕೂಪನ್ನಿಗೆ ನಂಬರ್ ಹೊಡೆಯುವುದು ಒಂದೇ ಸಲ. ಕಳೆದುಹೋದರೆ ಕಳೆದುಹೋಗಲಿ, ಎರಡನೆಯ ಸಲ ಮಷಿನ್ ತಿರುಗಿಸುವುದಿಲ್ಲ.

ಹಾಡಿ ಗೆಳೆಯರೆ, ಎದೆ ತುಂಬಿ ಹಾಡಿ.