‘ಆತ್ರಿ’ ಅನ್ನೋಕಿಂತ ಮೊದಲು

ಇವತ್ತಿನ ಮಾತು, ಯಾರಿಗೂ ‘ಇಲ್ಲ’ ಅನ್ನಾಕ ಬರದವರ ಬಗ್ಗೆ.

ಇಳಕಲ್ಲಿನ ಒಬ್ಬ ಹುಡುಗಿ ಅಂತ ತಿಳ್ಕೊಳ್ರಿ. ಬಾಗಲಕೋಟೆ ನವನಗರದಾಗ ಕೆಲಸ. ಪಕ್ಕದ ಟೇಬಲ್ಲಿನವರ ಫೈಲು? ‘ಆತ್ರಿ.’ ಕಾಕಾನ ಮಗನ ಆನ್‌ಲೈನ್ ಅರ್ಜಿ? ‘ಆತು.’ ಭಾನುವಾರ ಹುನಗುಂದದಾಗ ಕುಬಸ? ‘ಬರ್ತೀನಿ.’ ರಾತ್ರಿ ನಿದ್ದಿ ಇಲ್ಲ, ಮುಂಜಾನೆ ಮೈಯಾಗ ಕಸುವಿಲ್ಲ. ಸಿಟ್ಟೆಲ್ಲ ಅವ್ವನ ಮ್ಯಾಲೆ.

ಇದು ಮೈಗಳ್ಳತನ ಅಲ್ಲ. ಬರ್ನ್‌ಔಟ್ ಅಂದ್ರೆ ರೋಗವಲ್ಲ, ನಿಭಾಯಿಸದೆ ಉಳಿದ ಕೆಲಸದ ಒತ್ತಡದ ಫಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿತು. ಗುರುತು ಮೂರು: ಪೂರ್ತಿ ದಣಿವು, ಕೆಲಸದ ಬಗ್ಗೆ ಜಿಗುಪ್ಸೆ, ‘ನನ್ನ ಕೈಲಿ ಆಗಂಗಿಲ್ಲ’ ಅನ್ನೋ ಭಾವನೆ.

ಒಳ್ಳೆ ಆಪ್ತಸಮಾಲೋಚಕರು ‘ನಾಳಿಂದ ಎಲ್ಲಾರಿಗೂ ಇಲ್ಲ ಅನ್ನು’ ಅಂತ ಹೇಳೋದಿಲ್ಲ. ‘ಇಲ್ಲ ಅಂದ್ರ ಏನಾಗ್ತದ ಅಂತ ಹೆದರ್ತಿ?’ ಅಂತ ಕೇಳ್ತಾರೆ. ‘ಅವರಿಗೆ ನಾನು ಬ್ಯಾಡಾಗ್ತೀನಿ’ ಅನ್ನೋ ಉತ್ತರ ಹೊರಬಂದ ಮೇಲೆ, ಆ ಹೆದರಿಕೆಯನ್ನ ಸಣ್ಣದಾಗಿ ಪರೀಕ್ಷೆ ಮಾಡಸ್ತಾರೆ.

ಮೊದಲ ವಾರ ನಿರಾಕರಣೆ ಬ್ಯಾಡ, ತಡ ಸಾಕು: ‘ಸಂಜಿಗೆ ಹೇಳ್ತೀನ್ರಿ.’ ಸಲಿಗೆ ಇರೋ ಗೆಳತಿಯಿಂದ ಶುರು ಮಾಡ್ರಿ. ಏನಾಗ್ತದ ಅಂತ ಹೆದರಿದ್ರಿ, ನಿಜವಾಗಿ ಏನಾತು, ಎರಡೂ ಬರ‍್ಕೊಳ್ರಿ. ಸಾಹೇಬ್ರಿಗೆ ‘ಇಲ್ಲ’ ಅನ್ನಾಕ ಆಗದಿದ್ರ ಕೇಳ್ರಿ: ‘ಸರ್, ಎರಡರಾಗ ಯಾವುದು ಮೊದಲು?’

ಒಬ್ಬಿಬ್ಬರು ಮುಖ ಊದಿಸ್ಕೋತಾರೆ, ಖರೆ. ಆ ಎರಡು ದಿನ ತಡ್ಕೊಳ್ಳೋದೂ ಕಲಿಕೆನ. ಆದ್ರ ಕೆಲಸದ ಹೊರೆಯೇ ಮಿತಿಮೀರಿದ್ರ ಬರೇ ನಿಮ್ಮ ಮನಸ್ಸು ತಿದ್ದಿದ್ರ ಸಾಲದು. ಹೊರೆ ಇಳಿಸೋ ಮಾತೂ ಆಗಬೇಕು.

ನಿದ್ದಿ, ಊಟ ತಪ್ಪಿ ಬದುಕೇ ಬ್ಯಾಡ ಅನ್ನಿಸಿದ್ರ ಕಾಯಬ್ಯಾಡ್ರಿ. ಟೆಲಿ ಮಾನಸ್, 14416. ಹಗಲು-ರಾತ್ರಿ, ಉಚಿತ, ಕನ್ನಡದಾಗೂ ಮಾತಾಡಬಹುದು.