ಬಿ.ಎಡ್. ಪದವಿ ಹಿಡಿದು ಕೊಲ್ಲಿ ದೇಶಕ್ಕೆ ಹೊರಡುವ ಮುನ್ನ



ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಶಿಕ್ಷಕಿ. ಬಿ.ಎಡ್. ಮುಗಿಸಿದ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಈಗ ಒಂದೇ: "ಆಪಾ, ಸೌದಿಯಲ್ಲಿ, ದುಬೈಯಲ್ಲಿ ಟೀಚರ್ ಕೆಲಸ ಸಿಗುತ್ತದಂತೆ, ಹೌದಾ?" ಕೇಳುವುದರಲ್ಲಿ ತಪ್ಪಿಲ್ಲ. ಇಲ್ಲಿ ಅತಿಥಿ ಶಿಕ್ಷಕರಾದರೆ ತಿಂಗಳಿಗೆ ಹತ್ತು-ಹನ್ನೆರಡು ಸಾವಿರ ರೂಪಾಯಿ ಗೌರವಧನ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ವಿದ್ಯೆಗಾಗಿ ಊರು ಬಿಡುವುದು ನಮ್ಮ ಜಿಲ್ಲೆಗೆ ಹೊಸತೂ ಅಲ್ಲ. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಇರಾನಿನ ಗೀಲಾನಿನಿಂದ ಬಂದವನು. ಕವಿ ಜಾಮಿಯವರನ್ನೂ ಅವನು ಕರೆದಿದ್ದ, ಅವರು ಬರಲಿಲ್ಲ. ಆಗ ಪಂಡಿತರನ್ನು ಬೀದರ್ ಕರೆಯುತ್ತಿತ್ತು, ಈಗ ನಮ್ಮ ಮಕ್ಕಳೇ ಹೊರಗೆ ನೋಡುತ್ತಿದ್ದಾರೆ.

ಹೋಗಬೇಡಿ ಎನ್ನಲು ನಾನು ನಿಂತಿಲ್ಲ. ಆದರೆ ಅಮ್ಮೀಜಾನ್‌ರ ಬಳೆ ಅಡವಿಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿರಿ. ನೀವು ಯಾವ ವಿಷಯದ ಶಿಕ್ಷಕರು?

ಕೊಲ್ಲಿ ದೇಶಗಳ ಭಾರತೀಯ ಶಾಲೆಗಳಲ್ಲಿ ಹೆಚ್ಚಿನವು ಸಿ.ಬಿ.ಎಸ್.ಇ. ಪಠ್ಯಕ್ರಮದವು, ಇಂಗ್ಲಿಷ್ ಮಾಧ್ಯಮದವು. ಅಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್, ಕಂಪ್ಯೂಟರ್ ಕಲಿಸುವವರಿಗೆ ಬೇಡಿಕೆ. ಹಿಂದಿಗೂ ಜಾಗವಿದೆ, ಉರ್ದುವಿಗೆ ಕೆಲವೆಡೆ ಮಾತ್ರ. ಕನ್ನಡ ಸಿ.ಬಿ.ಎಸ್.ಇ. ವಿಷಯಗಳ ಪಟ್ಟಿಯಲ್ಲಿದ್ದರೂ ಅಲ್ಲಿ ಅದಕ್ಕಾಗಿಯೇ ಹುದ್ದೆ ಸಿಗುವುದು ಅಪರೂಪ. ದುಬೈಯಲ್ಲಿ ಕನ್ನಡ ಮಿತ್ರರು ಸಂಘಟನೆ ನಡೆಸುವ ಕನ್ನಡ ಪಾಠಶಾಲೆಯ ಹೆಸರು ನೀವು ಕೇಳಿರಬಹುದು. ಅದು ವಾರದ ರಜೆಯ ದಿನ ಮಕ್ಕಳಿಗೆ ಉಚಿತವಾಗಿ ನಡೆಯುವ ಸೇವೆ. ಮನಸ್ಸು ತುಂಬುವ ಕೆಲಸ, ಆದರೆ ಹೊಟ್ಟೆಪಾಡಿನ ನೌಕರಿಯಲ್ಲ. ಆದ್ದರಿಂದ ಬಿ.ಎಸ್ಸಿ., ಬಿ.ಎಡ್. ಆದ ತಂಗಿಗೆ ನಾನು ಹೇಳುವ ಮಾತು ಬೇರೆ, ಕನ್ನಡ-ಉರ್ದು ಐಚ್ಛಿಕವಾಗಿ ಬಿ.ಎ., ಬಿ.ಎಡ್. ಆದ ತಮ್ಮನಿಗೆ ಹೇಳುವುದು ಬೇರೆ. ಮೊದಲನೆಯವಳು ಇಂಗ್ಲಿಷ್‌ನಲ್ಲಿ ನಿರರ್ಗಳವಾಗಿ ಪಾಠ ಮಾಡುವುದನ್ನು ರೂಢಿಸಿಕೊಳ್ಳಲಿ. ಎರಡನೆಯವನಿಗೆ ಏಜೆಂಟ್ "ಟೀಚರ್ ವೀಸಾ" ಎಂದರೆ ಯಾವ ಶಾಲೆ, ಯಾವ ವಿಷಯ ಎಂದು ಬರಹದಲ್ಲಿ ಕೇಳಲಿ.

ಇನ್ನು ಕಾಗದಪತ್ರ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮವರು ಸಿಕ್ಕಿಕೊಳ್ಳುವುದು ಇಲ್ಲಿಯೇ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ "ಎಂ.ಡಿ.", ಪದವಿಯಲ್ಲಿ "ಮಹಮ್ಮದ್", ಪಾಸ್‌ಪೋರ್ಟಿನಲ್ಲಿ "ಮೊಹಮ್ಮದ್". ಹುಡುಗಿಯರಲ್ಲಿ ಒಂದು ಕಡೆ "ಬೇಗಂ", ಇನ್ನೊಂದು ಕಡೆ "ಬಾನು". ನಮ್ಮ ಓಣಿಯಲ್ಲಿ ಮೂವರೂ ಒಬ್ಬರೇ, ವಿದೇಶದ ಕಚೇರಿಗೆ ಮೂವರು ಬೇರೆ ಬೇರೆ ಮನುಷ್ಯರು. ಪಾಸ್‌ಪೋರ್ಟ್ ಮಾಡಿಸುವಾಗಲೇ ಅಂಕಪಟ್ಟಿಯ ಹೆಸರನ್ನು ಅಕ್ಷರ ಅಕ್ಷರ ಹೊಂದಿಸಿರಿ. ಅಂಚೆ ಮೂಲಕ ಪದವಿ ಪಡೆದವರು ಇನ್ನೂ ಎಚ್ಚರದಿಂದಿರಬೇಕು, ರೆಗ್ಯುಲರ್ ಓದಿದ್ದಕ್ಕೆ ವಿಶ್ವವಿದ್ಯಾಲಯದ ಪತ್ರ ಕೇಳುವ ಶಾಲೆಗಳುಂಟು.

ಪದವಿ ಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯದ್ದು. ಒಮಾನ್, ಬಹರೇನ್ ದೇಶಗಳಿಗೆ "ಅಪೊಸ್ಟೀಲ್" ಮುದ್ರೆ ಸಾಕು. ಸೌದಿ ಅರೇಬಿಯಾ ಕೂಡ 2022ರ ಡಿಸೆಂಬರಿನಿಂದ ಆ ಒಪ್ಪಂದದಲ್ಲಿದೆ. ಯು.ಎ.ಇ., ಕತಾರ್, ಕುವೈತ್‌ಗೆ ಹೋಗುವವರು ಆ ದೇಶದ ರಾಯಭಾರ ಕಚೇರಿಯ ಮುದ್ರೆಯನ್ನೂ ಪಡೆಯಬೇಕು.

ಹತ್ತನೇ ತರಗತಿ ಪಾಸಾದವರಿಗೆ ವಲಸೆ ಅನುಮತಿಯ ಮುದ್ರೆ ಬೇಕಿಲ್ಲ. ಬಿ.ಎಡ್. ಆದವರಿಗೆ ಇದು ಅನುಕೂಲವೆಂದು ಕಾಣುತ್ತದೆ. ಆದರೆ ಇದರರ್ಥ, ನಿಮ್ಮ ಕರಾರುಪತ್ರವನ್ನು ಹೊರಡುವ ಮೊದಲು ಸರ್ಕಾರದ ಯಾವ ಅಧಿಕಾರಿಯೂ ನೋಡುವುದಿಲ್ಲ, ನೀವೇ ನೋಡಿಕೊಳ್ಳಬೇಕು. ಸೌದಿಯಲ್ಲಿ ವ್ಯಾಜ್ಯ ಬಂದರೆ ಕರಾರಿನ ಅರಬಿ ಪ್ರತಿಗೇ ಮಾನ್ಯತೆ. ಉರ್ದು ಬಲ್ಲ ನಮಗೆ ಅದರ ಅಕ್ಷರ ಓದಲು ಬರುತ್ತದೆ, ಅರ್ಥ ಬರುವುದಿಲ್ಲ! ಬಲ್ಲವರಿಂದ ಓದಿಸಿ ಸಹಿ ಮಾಡಿರಿ. ಹೈದರಾಬಾದಿನ ಏಜೆಂಟರಾಗಲಿ, ನಮ್ಮ ಪರಿಚಯದ ಭಾಯಿಯಾಗಲಿ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಂದಣಿ ಇದೆಯೇ ಎಂದು ಪರೀಕ್ಷಿಸಿರಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ., ಅಷ್ಟೇ. ಲಕ್ಷ ಕೇಳುವವನು ಯಾರ ಸಂಬಂಧಿಯಾದರೂ ಸರಿ, ಎದ್ದು ಬನ್ನಿರಿ. ವಿಸಿಟ್ ವೀಸಾದ ಮೇಲೆ ಹೋಗಿ ಪಾಠ ಮಾಡುವುದು ಅಲ್ಲಿ ಕಾನೂನುಬಾಹಿರ.

ಸಂಬಳದ ಲೆಕ್ಕವನ್ನು ರೂಪಾಯಿಗೆ ತಿರುಗಿಸಿ ಹಿಗ್ಗುವವರೇ ಹೆಚ್ಚು. ಖರ್ಚನ್ನೂ ತಿರುಗಿಸಿರಿ. ಸೌದಿಯಲ್ಲಿ ಜೊತೆಗಿರುವ ಕುಟುಂಬದವರ ಮೇಲೆ 2017ರ ಜುಲೈಯಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು, 2020ಕ್ಕೆ ಅದು 400 ಆಯಿತು. ಲೆಕ್ಕಕ್ಕೆಂದು ಸಂಬಳ 3,000 ರಿಯಾಲ್ ಎನ್ನೋಣ. ಹೆಂಡತಿ, ಇಬ್ಬರು ಮಕ್ಕಳೆಂದರೆ 1,200 ಅಲ್ಲಿಯೇ ಹೋಯಿತು. ಉಳಿದ 1,800ರಲ್ಲಿ ಮನೆ ಬಾಡಿಗೆ, ಊಟ, ಮಕ್ಕಳ ಫೀಸು. ಈ ಶುಲ್ಕದ ಭಾರಕ್ಕೆ ಎಷ್ಟೋ ಕುಟುಂಬಗಳು ಊರಿಗೆ ಮರಳಿದವು. ತಂಗಿಯರಿಗೆ ಇನ್ನೊಂದು ಮಾತು. ಗಂಡನ ಇಕಾಮಾದ ಮೇಲೆ ಈಗಾಗಲೇ ಅಲ್ಲಿರುವ ಹೆಣ್ಣುಮಕ್ಕಳನ್ನೇ ಶಾಲೆಗಳು ಕಡಿಮೆ ಸಂಬಳಕ್ಕೆ ತೆಗೆದುಕೊಳ್ಳುವುದು ರೂಢಿ. ಮದುವೆಯಾಗಿ ಅಲ್ಲಿಗೆ ಹೋಗುವವರು ಪದವಿಗೆ ಮುದ್ರೆ ಹಾಕಿಸಿಕೊಂಡೇ ಹೋಗಿರಿ, ಅಲ್ಲಿಂದ ಕಳಿಸಿ ಮಾಡಿಸುವುದು ಬಹಳ ತೊಂದರೆ.

ಇಲ್ಲಿನ ಬಾಗಿಲನ್ನು ಮುಚ್ಚಿ ಹೋಗಬೇಡಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ಅಡಿ ನಮ್ಮ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ದೊಡ್ಡ ಪಾಲು ಮೀಸಲಾಗಿದೆ. 2022ರಲ್ಲಿ ಕರೆದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಇದ್ದವು. ಉರ್ದು ಶಾಲೆಯ ಮಗುವಿಗೆ ಅದರ ಮನೆಮಾತಿನಿಂದಲೇ ಕನ್ನಡ ತಿಳಿಸಬಲ್ಲ ಶಿಕ್ಷಕರು ಎಷ್ಟು ಜನ ಸಿಗುತ್ತಾರೆ? ಕೊಲ್ಲಿಯಲ್ಲಿ ಬೆಲೆಯಿಲ್ಲದ ನಿಮ್ಮ ಎರಡು ಭಾಷೆಗೆ ಬೆಲೆ ಬರುವುದು ಹುಮನಾಬಾದಿನ ಆ ತರಗತಿಯಲ್ಲಿ.

ಟಿ.ಇ.ಟಿ. ಬರೆದು ಹೋಗಿರಿ, 2021ರಿಂದ ಆ ಪ್ರಮಾಣಪತ್ರಕ್ಕೆ ಜೀವನಪರ್ಯಂತ ಮಾನ್ಯತೆ ಇದೆ. ವಯೋಮಿತಿಗೆ ಮಾತ್ರ ಅಂಥ ರಿಯಾಯಿತಿ ಇಲ್ಲ. ಮೂವತ್ತಕ್ಕೆ ಹೋದವರು ಹತ್ತು ವರ್ಷದ ನಂತರ ಬಂದರೆ ಅರ್ಜಿ ಹಾಕುವ ವಯಸ್ಸೇ ಮೀರಿರಬಹುದು. 371ಜೆ ಅರ್ಹತಾ ಪತ್ರವನ್ನು ಬಸವಕಲ್ಯಾಣದ ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಪಡೆದಿಟ್ಟುಕೊಳ್ಳಿರಿ. ಎಲ್ಲ ಪತ್ರಗಳ ಒಂದು ಝೆರಾಕ್ಸ್ ಸೆಟ್ ಮನೆಯಲ್ಲಿ ತಮ್ಮನ ಕೈಗೋ ತಂಗಿಯ ಕೈಗೋ ಕೊಟ್ಟು, ನೇಮಕಾತಿ ಪ್ರಕಟಣೆ ಬಂದ ದಿನವೇ ಫೋನ್ ಮಾಡಲು ಹೇಳಿ ವಿಮಾನ ಹತ್ತಿರಿ.